ನಕ್ಷೆಯಲ್ಲಿ ಸಿಗದ ಊರಿನ ಸೂಜಿ

ನಾನು ಒಂದು ಸೂಜಿ. ಜರ್ಮನಿಯ ಆಖೆನ್ ನನ್ನ ಹುಟ್ಟೂರು, ನೆಲದಿಂದ ಬಿಸಿನೀರು ಉಕ್ಕುವ ಊರು. ಉಕ್ಕಿನ ತಂತಿಯ ತುಂಡಾಗಿದ್ದ ನನ್ನನ್ನು ಬೆಂಕಿ ಗಟ್ಟಿ ಮಾಡಿತು, ಸಾಣೆಕಲ್ಲು ಮೊನೆ ಕೊಟ್ಟಿತು. ನನ್ನನ್ನು ಕೊಂಡ ಲೀನಾ ಊರನ್ನು ಆಖೆನ್ ಎನ್ನುತ್ತಿದ್ದಳು. ಗಡಿಯಾಚೆಯ ಡಚ್ಚರ ನಾಡಿನಿಂದ ಬಂದ ಅವಳ ತಾಯಿ ಆಕೆನ್ ಎನ್ನುತ್ತಿದ್ದಳು. ಇಬ್ಬರ ಬಾಯಲ್ಲೂ ಅದು ಮನೆಯೇ ಆಗಿತ್ತು.

ಲೀನಾ ಮಿಷನ್ನಿನ ಕೆಲಸಕ್ಕೆ ಮಂಗಳೂರಿಗೆ ಬಂದು ಹುಡುಗಿಯರಿಗೆ ಹೊಲಿಗೆ ಕಲಿಸಿದಳು. ಹರಟೆ ಜೋರಾದರೆ, "ಮೊದಲು ಬಾಯಿ ಹೊಲಿಯಿರಿ, ಬಟ್ಟೆ ಆಮೇಲೆ," ಎನ್ನುವಳು. ತಾಯಿಯಿಲ್ಲದ ಯೆಮಿಮ ಅವಳ ಮಗ್ಗುಲು ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಬ್ರಿಟಿಷರಿಗೂ ಜರ್ಮನರಿಗೂ ಯುದ್ಧ ಬಂತು. ಸರ್ಕಾರ ಜರ್ಮನರನ್ನೆಲ್ಲ ಹಿಡಿದು ಅವರ ದೇಶಕ್ಕೆ ಅಟ್ಟಿತು. ಹೊರಡುವಾಗ ಲೀನಾ ನನ್ನನ್ನು ಯೆಮಿಮಳ ರವಿಕೆಯ ಅಂಚಿಗೆ ಚುಚ್ಚಿ, "ಪ್ರಾರ್ಥನೆಯಲ್ಲಿ ನನ್ನನ್ನು ನೆನೆ. ನೀನು ನೆನೆಯುತ್ತಿರುವವರೆಗೆ ನಾನು ಒಂಟಿಯಲ್ಲ," ಎಂದಳು.

ಯೆಮಿಮ ನೆನೆದಳು. ಕೀರ್ತನೆಯ ಸಾಲುಗಳ ನಡುವೆ ಲೀನಾಳ ಹೆಸರನ್ನೂ ಊರಿನ ಹೆಸರನ್ನೂ ರಾಗಕ್ಕೆ ಕೂಡಿಸಿ ಹಾಡುತ್ತಿದ್ದಳು. ಯುದ್ಧ ಮುಗಿದ ಮೇಲೆ, ಶಾಲೆಯ ಇಂಗ್ಲಿಷ್ ನಕ್ಷೆಯಲ್ಲಿ ಆಖೆನ್ ತೋರಿಸಿ ಎಂದು ಮಾಸ್ಟರರನ್ನು ಬೇಡಿದಳು. ಅವರು ಜರ್ಮನಿಯ ಮೇಲೆಲ್ಲ ಬೆರಳಾಡಿಸಿದರು.

"ಇಲ್ಲ ಮಾರಾಯ್ತಿ. ಊರು ಉಂಟಾದ್ರೆ ನಕ್ಷೆಯಲ್ಲಿ ಇರ್ಬೇಕಲ್ಲ? ಯುದ್ಧದಲ್ಲಿ ಹೋಗಿರ್ಬೇಕು."

ನಾನು ಅಲ್ಲೇ ಇದ್ದೆ. ಸೂಜಿಗೆ ಕಣ್ಣುಂಟು, ಬಾಯಿಲ್ಲ.

ಯೆಮಿಮಳ ಪ್ರೊಟೆಸ್ಟೆಂಟ್ ಸಭೆಯಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ಪದ್ಧತಿಯಿಲ್ಲ. ಊರಿನ ಜೊತೆ ಲೀನಾಳೂ ಹೋದಳೆಂದುಕೊಂಡು, ಅಂದಿನಿಂದ ಅವಳ ಹೆಸರೆತ್ತಲಿಲ್ಲ. ಹಾಡು ಆ ಜಾಗಕ್ಕೆ ಬಂದಾಗ ಮಾತ್ರ ಒಂದು ಉಸಿರಿನಷ್ಟು ಹೊತ್ತು ಸುಮ್ಮನಾಗುತ್ತಿದ್ದಳು.

ಹೊಲಿದೇ ಬದುಕಿದ ಅವಳ ತಲೆ ನರೆಯಿತು, ನನ್ನ ಮೊನೆ ಸವೆಯಿತು. ಒಮ್ಮೆ ನಿಲುವಂಗಿಯ ಅಂಚು ಹೊಲಿಸಲು ಬಂದ ಇಟಲಿಯ ಮುದಿ ಪಾದ್ರಿಗೆ ನನ್ನನ್ನು ತೋರಿಸಿ, ಯುದ್ಧದಲ್ಲಿ ಅಳಿದುಹೋದ ಆಖೆನ್ ಎಂಬ ಊರಿನ ಸೂಜಿ ಎಂದಳು. ಪಾದ್ರಿ ನಕ್ಕರು. ತಮ್ಮ ದೇಶದವರ ಬಾಯಲ್ಲಿ ಅದು ಅಕ್ವಿಸ್‌ಗ್ರಾನಾ, ಹಳೆಯ ಲ್ಯಾಟಿನ್ ದಾಖಲೆಗಳಲ್ಲಿ ಅಕ್ವಿಸ್‌ಗ್ರಾನುಂ. ಫ್ರೆಂಚರು ಎಕ್ಸ್ ಲಾ ಶಾಪೆಲ್ ಎನ್ನುತ್ತಾರೆ, ಇಂಗ್ಲಿಷರ ನಕ್ಷೆಯೂ ಅದನ್ನೇ ಬರೆದುಕೊಂಡಿದೆ ಎಂದರು. ಊರು ಎಲ್ಲಿಗೂ ಹೋಗಿಲ್ಲವಂತೆ.

ಯೆಮಿಮಳ ಕೈ ನಿಂತಿತು. "ಹಾಗಾದ್ರೆ ಲೀನಮ್ಮ ಬದುಕಿದ್ರಾ ಫಾದರ್, ನಾನು ನೆನೆಯುದು ಬಿಟ್ಟ ಮೇಲೂ?"

ಪಾದ್ರಿಯ ನಗು ಅಡಗಿತು.

ಈಗ ನನ್ನ ಕಣ್ಣು ಮುರಿದಿದೆ, ಅವಳದು ಮಂಜಾಗಿದೆ. ಅವಳ ಕೀರ್ತನೆ ಪುಸ್ತಕದ ಬಟ್ಟೆಹೊದಿಕೆಯಲ್ಲಿ ತುಕ್ಕು ಹಿಡಿದು ಮಲಗಿದ್ದೇನೆ. ಸಂಜೆ ಅವಳು ಹಾಡುವುದು ಕೇಳಿಸುತ್ತದೆ: ಆಖೆನ್, ಅಕ್ವಿಸ್‌ಗ್ರಾನಾ, ಎಕ್ಸ್ ಲಾ ಶಾಪೆಲ್. ಒಂದನ್ನೂ ಬಿಡುವುದಿಲ್ಲ. ಲೀನಾಳ ಹೆಸರು ಬಂದಾಗ ರಾಗ ತಡವರಿಸುತ್ತದೆ. ಸತ್ತಿದ್ದರೆ ಬೇಡುವಂತಿಲ್ಲ, ಬದುಕಿದ್ದರೆ ಬಿಡುವಂತಿಲ್ಲ. ಆ ಹೆಸರನ್ನು ಅರ್ಧ ದನಿಯಲ್ಲಿ ಹೇಳಿ, ಪುಸ್ತಕ ಮುಚ್ಚುತ್ತಾಳೆ.