ಮೂಡಣ ಗಾಳಿಯ ಲೆಕ್ಕ

ಇಂಡೋನೇಷ್ಯಾದ ಸುರಬಾಯದಲ್ಲಿ ಒಂದು ಕನ್ಸಲ್ಟಿಂಗ್ ಕಂಪನಿಗೆ ನಾನು ಸೇರಿದ್ದು ೧೯೮೭ರಲ್ಲಿ. ದೊಡ್ಡ ಕಟ್ಟಡಗಳಿಗೆ ನೀರು, ಹವೆ, ತಂಪು ಹೇಗೆ ಒದಗಿಸಬೇಕೆಂದು ಲೆಕ್ಕ ಹಾಕಿ ನಕ್ಷೆ ಬರೆದುಕೊಡುವುದು ನಮ್ಮ ಕೆಲಸ. ಮೆಕ್ಯಾನಿಕಲ್ ವಿಭಾಗದಲ್ಲಿ ಹೆಂಗಸು ಅಂತ ಇದ್ದದ್ದು ನಾನೊಬ್ಬಳೇ. ಹಿರಿಯ ಇಂಜಿನಿಯರ್ ಪಾಕ್ ಹರ್ಸೋನೋ ನನ್ನನ್ನು ತಮ್ಮ ಪಕ್ಕದ ಮೇಜಿನಲ್ಲೇ ಕೂರಿಸಿಕೊಂಡರು. (ನಮ್ಮಲ್ಲಿ ಹಿರಿಯ ಗಂಡಸರನ್ನು ಪಾಕ್, ಹೆಂಗಸರನ್ನು ಬೂ ಅಂತ ಕರೆಯುವುದು ಮರ್ಯಾದೆ.) ಲವಂಗದ ಸಿಗರೇಟು ಸೇದುತ್ತ, ನನ್ನ ನಕ್ಷೆಯ ತಪ್ಪು ಗೆರೆಗಳನ್ನು ತಾವೇ ಬ್ಲೇಡಿನಿಂದ ಹೆರೆದು ಕೊಡುತ್ತಿದ್ದರು. ಅವರು ಬೈದ ನೆನಪೇ ಇಲ್ಲ.

ಎರಡು ವರ್ಷದ ಮೇಲೆ, ಜುಲೈನಲ್ಲಿ, ನಾವು ನಕ್ಷೆ ಬರೆದ ಹೋಟೆಲೊಂದು ಶುರುವಾಯಿತು. ವಾರದೊಳಗೆ ಅದರ ಪಕ್ಕದ ಕೇರಿಯ ಬೂ ಪಾರ್ತಿನಿ ಹೋಟೆಲಿನ ಫಲಕದಲ್ಲಿ ನಮ್ಮ ಹೆಸರು ಓದಿಸಿಕೊಂಡು ಆಫೀಸಿಗೇ ಬಂದರು. ಸಿಗಡಿ ಸಂಡಿಗೆ ಮಾಡಿ ಮಾರುವವರು. ಬೂಷ್ಟು ಹಿಡಿದ ಸಂಡಿಗೆಯ ಮೊರವನ್ನು ನಮ್ಮ ಮುಂದೆ ಕುಕ್ಕಿದರು.

"ನಿಮ್ಮ ಹೋಟ್ಲು ದಿನಾ ನನ್ನ ಸಂಡಿಗೆ ಮೇಲೆ ಉಚ್ಚೆ ಹೊಯ್ತದೆ. ಇದನ್ನೂ ನಕ್ಷೇಲಿ ಬರ್ದಿದ್ರಾ?"

ಆಫೀಸೆಲ್ಲ ನಕ್ಕಿತು. ಪಾಕ್ ಹರ್ಸೋನೋ ಮಾತ್ರ ನಗಲಿಲ್ಲ. "ನಡೀರಿ ಬೂ, ನೋಡೋಣ" ಎಂದು ಎದ್ದರು. ನಾನೂ ಹೊರಟೆ.

ಬೂ ಪಾರ್ತಿನಿಯ ಅಂಗಳದಲ್ಲಿ, ಸಂಡಿಗೆ ಹರಡಿದ ಚಾಪೆಗಳ ನಡುವೆ ಪಾಕ್ ಹರ್ಸೋನೋ ತಮ್ಮ ಕಪ್ಪು ಕೊಡೆ ಬಿಚ್ಚಿಟ್ಟರು. ಎರಡು ಗಂಟೆ ಕಾದೆವು. ಬೂ ಪಾರ್ತಿನಿ ಚಹಾ ಕೊಟ್ಟು, "ಕೊಡೆಗೆ ಬಿಸಿಲು ಕಾಯಿಸ್ತಿದ್ದೀರಾ?" ಎಂದು ಕಿಚಾಯಿಸಿದರು. ಕೊನೆಗೆ ನೋಡಿದರೆ ಕರಿ ಬಟ್ಟೆಯ ತುಂಬ ನೀರು ಒಣಗಿದ ಬಿಳಿ ಚುಕ್ಕೆ. ಹೋಟೆಲಿನ ಚಾವಣಿಯಲ್ಲಿ ಬಿಸಿನೀರು ಆರಿಸುವ ಕೂಲಿಂಗ್ ಟವರಿನಿಂದ ಹಾರಿ ಬಂದ ತುಂತುರು ಅದು.

"ನಾವು ಜಾಗ ನೋಡಿದ್ದು ಯಾವ ತಿಂಗಳು?" ಎಂದು ಪಾಕ್ ಹರ್ಸೋನೋ ನನ್ನನ್ನು ಕೇಳಿದರು.

"ಜನವರಿ." ಎಂದೆ. "ಆಗ ಪಡುವಣ ಗಾಳಿ ಇತ್ತು. ಅಷ್ಟನ್ನೇ ಬರ್ಕೊಂಡಿದ್ದೆ ಪಾಕ್. ಬೇಸಿಗೆ ಗಾಳಿ ಕೇಳ್ಲೇ ಇಲ್ಲ. ತಪ್ಪು ನಂದು."

"ಕೇಳು ಅಂತ ನಾನೂ ಹೇಳ್ಲಿಲ್ವಲ್ಲ. ಸಹಿ ಹಾಕಿದ್ದು ನಾನು."

ನಮ್ಮ ಕಡೆ ಜನವರಿ ಮಳೆಗಾಲ, ಜುಲೈ ಬೇಸಿಗೆ; ಬೇಸಿಗೆಯಲ್ಲಿ ಗಾಳಿ ಮೂಡಣದ್ದು. ಟವರನ್ನು ನಾವು ಕೂರಿಸಿದ್ದು ಚಾವಣಿಯ ಪಡುವಣ ಅಂಚಿನಲ್ಲಿ, ಕೇರಿಯ ನೆತ್ತಿಯ ಮೇಲೆಯೇ.

ಮರುದಿನ ಅವರು ಹೋಟೆಲಿಗೆ ಕಾಗದ ಬರೆದರು: ವಿನ್ಯಾಸದ ತಪ್ಪು ನಮ್ಮದು, ಟವರನ್ನು ಮೂಡಣ ಅಂಚಿಗೆ ಸರಿಸಿ ಹನಿ ತಡೆಯುವ ಜಾಲರಿ ಹಾಕಬೇಕು. ಕಂಪನಿಯ ಯಜಮಾನರು ಪಾಕ್ ಲುಕಿತೋ ಅದನ್ನು ಓದಿ ಕೆಂಡವಾದರು.

"ಹೋಟ್ಲಿನವ್ರೇ ಸುಮ್ನಿದ್ದಾರೆ. ನಿಮಗ್ಯಾಕೆ ಊರ ಉಸಾಬರಿ?"

"ನನ್ನ ನಕ್ಷೆ ಪಾಕ್. ಉಸಾಬರಿಯೂ ನಂದೇ."

ಕಾಗದ ಹೋಯಿತು. ಟವರು ಜಾಗ ಬದಲಿಸಿತು. ಬೂ ಪಾರ್ತಿನಿಯ ಸಂಡಿಗೆ ಒಣಗತೊಡಗಿತು. ಒಂದು ಡಬ್ಬಿ ನಮ್ಮ ಆಫೀಸಿಗೂ ಬಂತು, ಅಂದು ನಕ್ಕವರೇ ಮುಗಿಬಿದ್ದು ತಿಂದರು. ಆದರೆ ಹೋಟೆಲಿನವರು ಮುಂದಿನ ಕೆಲಸ ಬೇರೆಯವರಿಗೆ ಕೊಟ್ಟರು. ಪಾಕ್ ಲುಕಿತೋ ಪಾಕ್ ಹರ್ಸೋನೋರನ್ನು ಹಳೇ ಕಡತ ನೋಡಲು ಒಳಕೋಣೆಗೆ ಹಾಕಿದರು. ಪಕ್ಕದ ಮೇಜು ಖಾಲಿಯಾದದ್ದಕ್ಕೆ ಎಷ್ಟೋ ದಿನ ನನಗೆ ಅತ್ತ ತಿರುಗಲೂ ಮನಸ್ಸಾಗುತ್ತಿರಲಿಲ್ಲ. ವರ್ಷ ತುಂಬುವ ಮೊದಲೇ ಅವರು ಕೆಲಸ ಬಿಟ್ಟು, ಮಲಾಂಗ್ ಊರಿನ ತಾಂತ್ರಿಕ ಶಾಲೆಯಲ್ಲಿ ಮೇಷ್ಟರಾದರು.

ಮೂರು ವರ್ಷದ ಮೇಲೆ ನೋಡಲು ಹೋದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೈ ತುಂಬಿಕೊಂಡು ಲವಲವಿಕೆಯಿಂದಿದ್ದರು. ತರಗತಿಗೆ ಕರೆದೊಯ್ದು ಮಕ್ಕಳಿಗೆ ಹೇಳಿದರು:

"ಇವರು ಸುಲಸ್ತ್ರಿ. ಸುರಬಾಯದಲ್ಲಿ ನಾವಿಬ್ಬರೂ ಒಟ್ಟಿಗೆ ಕೆಲಸ ಮಾಡ್ತಿದ್ವಿ."

ನಾನು ಅವರ ಕೈಕೆಳಗೆ ಇದ್ದವಳು. ತಿದ್ದಲು ಬಾಯಿ ತೆರೆದೆ; ಅಷ್ಟರಲ್ಲಿ ಅವರು ಸೀಮೆಸುಣ್ಣವನ್ನು ನನ್ನ ಕೈಗಿತ್ತು, ಹಿಂದಿನ ಬೆಂಚಿನಲ್ಲಿ ಹೋಗಿ ಕೂತುಬಿಟ್ಟರು.