ಏಳು ದಿನ ಉರಿದ ಒಲೆ

ಶನಿವಾರ ಬೆಳಗ್ಗೆ ಒಂಬತ್ತರ ಹೊತ್ತಿಗೆ ಐಲಿ ಕಾಂಗಸ್ ಮುಂದಿದ್ದ ಹಾಳೆಯಲ್ಲಿ ನೂರಾ ಹದಿನೆಂಟು ಹೆಸರುಗಳ ಪೈಕಿ ಒಂದು ಮಾತ್ರ ಹೊಡೆದುಹಾಕದೆ ಉಳಿದಿತ್ತು. ಜ್ಯಾಕ್‌ಪೈನ್. ಅದನ್ನು ಹೆಸರು ಅನ್ನುವುದೂ ತಪ್ಪೇ. ಆ ಮನುಷ್ಯ ಆನ್‌ಲೈನಿನಲ್ಲಿ ಇಟ್ಟುಕೊಂಡಿದ್ದ ಅಡ್ಡಹೆಸರು ಅಷ್ಟೆ. ನಿಜವಾದ ಹೆಸರೇನು, ಊರು ಯಾವುದು, ಮನೆಯಲ್ಲಿ ಇನ್ಯಾರಿದ್ದಾರೆ, ಒಂದೂ ಯಾರಿಗೂ ಗೊತ್ತಿಲ್ಲ. ಐಲಿಗೆ ಗೊತ್ತಿದ್ದುದು ಇಷ್ಟೇ: ಸಂಜೆ ಏಳಕ್ಕೆ ಅವನ ಮನೆಯ ಒಲೆ ಆರುತ್ತದೆ, ಮತ್ತೆ ಹೊತ್ತಿಕೊಳ್ಳುವುದಿಲ್ಲ. ಹೊರಗೆ ಸೊನ್ನೆಗಿಂತ ಮೂವತ್ತನಾಲ್ಕು ಡಿಗ್ರಿ ಕೆಳಗೆ ಚಳಿ ಕೊರೆಯುತ್ತಿತ್ತು.

ಆ ಒಲೆ ಮಾಡಿದ ಕಂಪನಿ ಬಾಗಿಲು ಹಾಕಿ ಎಂಟು ವರ್ಷವಾಗಿತ್ತು. ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆಗಳನ್ನು ತಾನೇ ಬೆಂಕಿಗೆ ತಳ್ಳಿಕೊಂಡು ಮನೆ ಕಾಯಿಸುವ ಒಲೆ ಅದು. ಮೈ ಕಬ್ಬಿಣದ್ದು, ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ಒಳಗಿದ್ದ ಅಂಗೈಯಗಲದ ಕಂಪ್ಯೂಟರಿನ ಬುದ್ಧಿ ಮಾತ್ರ ಮೊದಲಿನಿಂದಲೂ ಸೊಟ್ಟ. ಅದನ್ನು ನೆಟ್ಟಗೆ ಮಾಡಲು ಇಬ್ಬರು ಹೊರಟರು. ಒಬ್ಬಳು ಥಂಡರ್ ಬೇ ಎಂಬ ಊರಿನ ಐಲಿ, ಟೆಲಿಫೋನ್ ಕಂಪನಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ಇನ್ನೊಬ್ಬ ದೂರದ ಟಿಮ್ಮಿನ್ಸ್ ಊರಿನ ರೆಜಾನ್, ಶಾಲೆಗಳ ಕಂಪ್ಯೂಟರ್ ರಿಪೇರಿ ಮಾಡುವವನು. ಆರು ವರ್ಷದಿಂದ ದಿನಾ ಮಾತಾಡಿದರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಹೊಸ ಪ್ರೋಗ್ರಾಮು ಬರೆದು ಬಿಟ್ಟಿಯಾಗಿ ಹಂಚುತ್ತಾ ಬಂದರು. ಕೇಳುವವರ ಗುಂಪು ಬೆಳೆಯುತ್ತಾ ಹೋಯಿತು.

ಇಬ್ಬರೂ ಸೇರಿ ಎರಡು ನಿಯಮ ಮಾಡಿಕೊಂಡಿದ್ದರು. ಯಾರು ಪ್ರೋಗ್ರಾಮು ಹಾಕಿಕೊಂಡರು ಅನ್ನುವ ಪಟ್ಟಿ ಇಡಬಾರದು. ಜನರ ಮನೆ ಜನರದು, ಇಣುಕುವುದು ತಮ್ಮ ಕೆಲಸವಲ್ಲ. ಎರಡನೆಯದು, ಹೊಸತನ್ನು ಹೊರಗೆ ಬಿಡುವ ಮುಂಚೆ ಐಲಿ ತನ್ನ ಮನೆಯ ಒಲೆಗೆ ಹಾಕಿ ಏಳು ದಿನ ಉರಿಸಬೇಕು. ಪ್ರತಿ ಅಪ್‌ಡೇಟಿನ ಕೊನೆಯಲ್ಲೂ ಒಂದು ಸಾಲು ಇರುತ್ತಿತ್ತು: "ಇದು ಐಲಿಯ ಮನೆಯಲ್ಲಿ ಏಳು ದಿನ ಉರಿದಿದೆ." ಉಳಿದ ವಿವರ ಯಾರೂ ಓದುತ್ತಿರಲಿಲ್ಲ. ಆ ಒಂದು ಸಾಲು ನೋಡಿ ಕಣ್ಣುಮುಚ್ಚಿಕೊಂಡು ಹಾಕಿಕೊಳ್ಳುತ್ತಿದ್ದರು.

ಈ ಸಲ ಜನ ಐಲಿಯ ಪ್ರಾಣ ತಿಂದುಬಿಟ್ಟಿದ್ದರು. ಹೊಸ ಅಪ್‌ಡೇಟು ಬಂದರೆ ವಾರಕ್ಕೊಂದು ಮೂಟೆ ಗುಳಿಗೆ ಉಳಿಯುತ್ತದೆ ಎಂದು ರೆಜಾನ್ ಬಾಯಿಬಿಟ್ಟಿದ್ದೇ ತಪ್ಪಾಯಿತು. ಯಾವಾಗ? ಇವತ್ತಾ? ನಾಳೆನಾ? ಚಳಿಗಾಲ ಮುಗಿದ ಮೇಲಾ? ಒಬ್ಬನಂತೂ ದಿನಾ ಬೆಳಗ್ಗೆ ತನ್ನ ಖಾಲಿ ಮೂಟೆಯ ಫೋಟೋ ಹಾಕಿ, ಕೆಳಗೆ "ಐಲಿ?" ಎಂದಷ್ಟೇ ಬರೆಯುತ್ತಿದ್ದ. ಬಿಟ್ಟಿ ಕೊಡುವವರ ಮೇಲೆ ಇರುವಷ್ಟು ಸಲಿಗೆ ಜನಕ್ಕೆ ಹೆತ್ತವರ ಮೇಲೂ ಇರುವುದಿಲ್ಲ.

ಅದೇ ವಾರ ಐಲಿಯ ಅಕ್ಕ ಹೆಲ್ವಿ ಆಸ್ಪತ್ರೆಯಿಂದ ಬಂದಿದ್ದಳು. ನ್ಯುಮೋನಿಯಾ, ಎಪ್ಪತ್ತು ದಾಟಿದ ಜೀವ. ಒಲೆಯಿದ್ದ ಕೋಣೆಯಲ್ಲೇ ಮಂಚ ಹಾಕಿದ್ದಾಯಿತು. ಹೊಸ ಪ್ರೋಗ್ರಾಮು ಹಾಕಲೆಂದು ಐಲಿ ಲ್ಯಾಪ್‌ಟಾಪಿನ ವೈರು ಹಿಡಿದು ಒಲೆಯ ಹಿಂದೆ ಕೂತಳು, ಅಕ್ಕ ಕೆಮ್ಮುವುದನ್ನು ಕೇಳಿದಳು, ವೈರು ಸುತ್ತಿಟ್ಟು ಎದ್ದುಬಂದಳು. ಅಕ್ಕನ ಮೇಲೆ ಪ್ರಯೋಗ ಮಾಡಲು ಮನಸ್ಸು ಬರಲಿಲ್ಲ. ವಾರ ಕಳೆದ ಮೇಲೆ, ಬುಧವಾರ ಬೆಳಗ್ಗೆ ರೆಜಾನ್ ಕೇಳಿದ, "ಏಳು ದಿನ ಆಯ್ತಾ?" ಐಲಿ ಬರೆದಳು, "ಆಯ್ತು. ಚೆನ್ನಾಗಿ ಉರೀತು." ಕೂಡಲೇ ರೆಜಾನ್ ಅದನ್ನು ಹೊರಗೆ ಬಿಟ್ಟ.

ಶುಕ್ರವಾರ ಬೆಳಗ್ಗೆ ಮೊದಲ ದೂರು ಬಂತು. ಮಧ್ಯಾಹ್ನದೊಳಗೆ ನಲವತ್ತಾದವು. ಹೊಸ ಪ್ರೋಗ್ರಾಮು ನಲವತ್ತೆಂಟು ಗಂಟೆ ಸತತವಾಗಿ ಉರಿದ ಮೇಲೆ ಲೆಕ್ಕ ತಪ್ಪಿ, ಗುಳಿಗೆ ಮುಗಿದಿದೆ ಎಂದು ತಿಳಿದು ಒಲೆ ಆರಿಸಿಬಿಡುತ್ತಿತ್ತು. ಒಮ್ಮೆ ಹಾಗೆ ತಿಳಿದರೆ ಮುಗಿಯಿತು, ಪ್ಲಗ್ಗು ಕಿತ್ತು ಹಾಕಿದರೂ ಜಪ್ಪಯ್ಯ ಅಂದರೂ ಹೊತ್ತಿಕೊಳ್ಳದು. ಹಳೆಯ ಪ್ರೋಗ್ರಾಮನ್ನು ಮತ್ತೆ ಹಾಕಿದರೆ ಮಾತ್ರ ಸರಿಹೋಗುತ್ತದೆ, ಐದು ನಿಮಿಷದ ಕೆಲಸ. ಆದರೆ ಅದನ್ನು ಹೇಳಬೇಕಲ್ಲ, ಯಾರಿಗೆ ಹೇಳುವುದು? ಪಟ್ಟಿಯೇ ಇಲ್ಲ. ಗುಂಪಿನಲ್ಲಿ "ಹಾಕಿಕೊಂಡೆ" ಎಂದು ಬರೆದವರ ಹೆಸರನ್ನೆಲ್ಲ ಐಲಿ ಕೈಯಲ್ಲಿ ಬರೆದುಕೊಂಡಳು. ಒಬ್ಬೊಬ್ಬರನ್ನೇ ಹಿಡಿದು, "ಬೆಚ್ಚಗಿದ್ದೇನೆ" ಎಂಬ ಉತ್ತರ ಬಂದ ಮೇಲೆ ಗೆರೆ ಎಳೆದಳು.

ಜ್ಯಾಕ್‌ಪೈನ್ ಗುರುವಾರ ಬರೆದಿದ್ದ: "ಸಂಜೆ ಏಳಕ್ಕೆ ಮನೆ ಸೇರಿ ಹಾಕ್ಕೋತೀನಿ. ಐಲಿ ಮನೇಲಿ ಏಳು ದಿನ ಉರಿದಿದ್ದು ನಮ್ಮನೇಲಿ ಉರಿಯಲ್ವಾ? ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ."

ಐಲಿ ಅದನ್ನು ಹತ್ತು ಸಲವಾದರೂ ಓದಿದ್ದಳು. ಅಷ್ಟರಲ್ಲಿ ರೆಜಾನ್ ಫೋನು ಮಾಡಿದ.

"ಎಷ್ಟು ಜನ ಉಳಿದ್ರು?"

"ಒಬ್ಬ. ಜ್ಯಾಕ್‌ಪೈನ್."

"ಅಯ್ಯೋ ದೇವ್ರೇ. ಅವನಿಗೆ ಆ ಒಲೆ ಬಿಟ್ರೆ ಬೇರೇನೂ ಇಲ್ಲ, ಐಲಿ. ಮನೇಲಿ ಫೋನೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ವಾರಕ್ಕೊಂದ್ಸಲ ಲೈಬ್ರರಿಗೆ ಬಂದು ನೋಡೋನು." ಆಮೇಲೆ ಕೇಳಿದ, "ಒಂದು ವಿಷ್ಯ ನಂಗೆ ಅರ್ಥವಾಗ್ತಿಲ್ಲ. ಎರಡೇ ದಿನಕ್ಕೆ ಆರೋದು ನಿಮ್ಮನೇಲಿ ಏಳು ದಿನ ಹೆಂಗೆ ಉರೀತು?"

ನಿಜ ಹೇಳಲು ಬಾಯಿ ತೆರೆದ ಐಲಿ ಬೇರೆಯದನ್ನೇ ಹೇಳಿದಳು. "ಮಧ್ಯ ಮಧ್ಯ ಕರೆಂಟ್ ಹೋಗಿತ್ತು. ಲೆಕ್ಕ ಮೊದಲಿಂದ ಶುರುವಾಗಿರ್ಬೇಕು."

"ಹೂಂ. ಆಗಿರಬಹುದು," ಎಂದ ರೆಜಾನ್. ನಂಬಿದನೋ ಇಲ್ಲವೋ, ಮುಂದೆ ಕೇಳಲಿಲ್ಲ. "ಅವನು ಬರೆದಿದ್ದನ್ನೆಲ್ಲ ತೆಗೆದು ನೋಡೋಣ. ಎಲ್ಲಾದ್ರೂ ಒಂದು ಎಳೆ ಸಿಗುತ್ತೆ."

ನಾಲ್ಕು ವರ್ಷದ ಮಾತುಗಳು. ಒಲೆಯ ಬೂದಿ, ನಾಯಿಯ ಕಾಲುನೋವು, ರೈಲು ಹೋದಾಗ ಅದುರುವ ಕಿಟಕಿ. ಹನ್ನೊಂದರ ಹೊತ್ತಿಗೆ ಐಲಿಗೆ ಒಂದು ಸಾಲು ಸಿಕ್ಕಿತು: "ಇಲ್ಲಿ ಕಂಪ್ಯೂಟರ್ ಮುಂದೆ ಕೂತರೆ ಗೋಡೆ ಮೇಲಿನ ಮೂಸ್ ತಲೆ ನನ್ನನ್ನೇ ನೋಡುತ್ತೆ. ಕ್ರಿಸ್‌ಮಸ್ಸಿಗೆ ಅದಕ್ಕೂ ಟೋಪಿ ಹಾಕಿದ್ದಾರೆ."

ಮೂಸ್ ಅಂದರೆ ಅಗಲ ಕೊಂಬಿನ ದೊಡ್ಡ ಕಡವೆ; ಅದರ ತಲೆ ತೂಗುಹಾಕಿದ ಲೈಬ್ರರಿ ಯಾವುದೆಂದು ಐಲಿ ಉತ್ತರದ ಸಣ್ಣಪುಟ್ಟ ಊರುಗಳ ಲೈಬ್ರರಿಗಳಿಗೆಲ್ಲ ಫೋನು ಹಚ್ಚತೊಡಗಿದಳು.

"ನಮಸ್ಕಾರ. ನಿಮ್ಮಲ್ಲಿ ಕಂಪ್ಯೂಟರ್ ಮೇಲ್ಗಡೆ ಮೂಸ್ ತಲೆ ಇದೆಯಾ?"

"ಏನಮ್ಮಾ, ಮಧ್ಯಾಹ್ನಕ್ಕೆ ಮುಂಚೇನೇ ಏರಿಸಿದೀಯಾ?" ಎಂದ ಒಬ್ಬ. ಇನ್ನೊಬ್ಬಳು, "ಮೂಸ್ ಇಲ್ಲ, ಮೀನಿದೆ, ಸಾಕಾ?" ಎಂದು ನಕ್ಕಳು. ಎರಡು ಕಡೆ ಯಾರೂ ಎತ್ತಲೇ ಇಲ್ಲ. ಮಂಚದ ಮೇಲೆ ಹೆಲ್ವಿ ದಿಂಬಿಗೊರಗಿ ಕೂತು, ಏಲಕ್ಕಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿಕೊಂಡು ತಿನ್ನುತ್ತಿದ್ದಳು.

"ಏನೇ ಅದು, ಊರೂರಿಗೆ ಫೋನ್ ಮಾಡಿ ಮೂಸ್ ಹುಡುಕ್ತಿದೀಯ? ಬಾ, ಒಂದು ಲೋಟ ಕಾಫಿ ಕುಡಿ. ಇಲ್ಲಿ ಎಷ್ಟು ಬೆಚ್ಚಗಿದೆ ನೋಡು."

"ಸುಮ್ನಿರು ಹೆಲ್ವಿ!" ಎಂದು ಐಲಿ ಕಿರುಚಿದಳು. ಹೆಲ್ವಿ ಬಾಯಲ್ಲಿ ಬ್ರೆಡ್ಡಿಟ್ಟುಕೊಂಡು ಹಾಗೇ ಕೂತಳು. ಅರವತ್ತೊಂದು ವರ್ಷದಲ್ಲಿ ತಂಗಿ ಅವಳ ಮೇಲೆ ಹಾಗೆ ಎಗರಿದ್ದು ಅದೇ ಮೊದಲು.

ಒಂಬತ್ತನೆಯ ಕಡೆ ಫೋನೆತ್ತಿದ ಹೆಂಗಸು, "ಇದೆ, ಯಾಕೆ?" ಎಂದಳು. ಅವಳ ಹೆಸರು ನೊರೀನ್. ಐಲಿ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು; ಎಲ್ಲವನ್ನೂ ಅಂದರೆ, ತನ್ನದೊಂದನ್ನು ಬಿಟ್ಟು.

"ಓದೋಕೆ ಬರೋರ ಹೆಸರು ಹೇಳೋ ಹಾಗಿಲ್ಲ ಕಣಮ್ಮ," ಎಂದಳು ನೊರೀನ್. "ನಮ್ಮಲ್ಲಿ ಅದು ಕಟ್ಟುನಿಟ್ಟು."

"ಹೆಸರು ಬೇಡ! ವಿಳಾಸಾನೂ ಬೇಡ! ನೀವು ಹೋಗಿ. ಇಲ್ಲ ಯಾರನ್ನಾದ್ರೂ ಕಳಿಸಿ. ನಿಮ್ಮ ಕಾಲಿಗೆ ಬೀಳ್ತೀನಿ, ಏಳು ಗಂಟೆಗೆ ಆರಿಹೋಗುತ್ತೆ ಅದು."

ನೊರೀನ್ ದನಿ ತಗ್ಗಿಸಿದಳು. "ಯಾರು ಅಂತ ನಂಗೆ ಗೊತ್ತಾಯ್ತು. ನಾಯಿ ಇರೋನು. ಇಲ್ಲಿಂದ ಐವತ್ತು ಕಿಲೋಮೀಟರು. ಆದ್ರೆ ಹಿಮಗಾಳಿ ಎದ್ದಿದೆ, ಹತ್ತು ಗಂಟೆಗೇ ಹೆದ್ದಾರಿ ಮುಚ್ಚಿದಾರೆ. ಪೊಲೀಸ್ರಿಗೆ ಹೇಳ್ತೀನಿ. ರಸ್ತೆ ತೆರೆದ ತಕ್ಷಣ ಹಿಮ ತಳ್ಳೋ ಲಾರೀಲಿ ನಾನೇ ಹೋಗ್ತೀನಿ."

ಆ ದಿನ ರಸ್ತೆ ತೆರೆಯಲಿಲ್ಲ. ಐಲಿ ಪೊಲೀಸರಿಗೆ ಮಾಡಿದಳು, ಹೆದ್ದಾರಿ ಇಲಾಖೆಗೆ ಮಾಡಿದಳು, ರೈಲಿನವರಿಗೂ ಮಾಡಿದಳು. ಎಲ್ಲರೂ ಒಳ್ಳೆಯವರೇ, ಎಲ್ಲರೂ ಕಾಯಿರಿ ಅಂದರು. ಏಳು ಗಂಟೆಯಾಯಿತು. ಅವಳ ಒಲೆ ಎಂದಿನಂತೆ ಟಿಕ್ ಟಿಕ್ ಎಂದು ಗುಳಿಗೆ ತಳ್ಳಿಕೊಳ್ಳುತ್ತಿತ್ತು. ಆ ಸದ್ದು ಕೇಳಲಾರದೆ ಐಲಿ ಕೋಟು ಹಾಕಿಕೊಂಡು ಹಿತ್ತಲಿಗೆ ಹೋಗಿ ನಿಂತಳು. ಅವನಿಗಾಗುವ ಚಳಿ ತನಗೂ ಆಗಲಿ ಎಂದುಕೊಂಡಳೋ ಏನೋ. ಹತ್ತು ನಿಮಿಷವೂ ತಡೆಯಲಾಗಲಿಲ್ಲ, ಒಳಗೆ ಬಂದಳು. ಅವಳಿಗೆ ಒಳಗೆ ಬರುವುದಕ್ಕೊಂದು ಜಾಗವಿತ್ತು. ಅದು ಹೊಳೆದದ್ದೇ ಬಾಗಿಲಲ್ಲೇ ಕುಸಿದು ಕೂತು ಅತ್ತಳು.

ಭಾನುವಾರ ಮಧ್ಯಾಹ್ನ ಮೂರೂವರೆಗೆ ನೊರೀನಳ ಫೋನು ಬಂತು.

"ಸಿಕ್ಕಿದ. ಜೀವ ಇದೆ."

ಎಲ್ಲಿ, ಹೇಗಿದ್ದಾನೆ ಎಂದು ಐಲಿ ಕೇಳಿದಳು.

"ನಾಯೀನ ತಬ್ಕೊಂಡು ಕಂಬಳಿ ಹೊದ್ದು ಕೂತಿದ್ದ. ಅವನ ಗಾಡಿ ಸ್ಟಾರ್ಟೇ ಆಗಿಲ್ವಂತೆ. ಈಗ ಕ್ಲಿನಿಕ್ಕಲ್ಲಿದೀವಿ. ಕೈ ಬೆರಳು ಚೆನ್ನಾಗಿಲ್ಲ. ಕಪ್ಪಾಗಿವೆ. ನಾಲ್ಕೋ ಐದೋ ಉಳಿಯಲ್ಲ ಅಂತಿದಾರೆ. ನಿಮ್ಮತ್ರ ಮಾತಾಡ್ಬೇಕಂತೆ, ಕೇಳ್ತಾನೇ ಇಲ್ಲ. ಕಿವಿ ಹತ್ರ ಹಿಡೀತೀನಿ."

ಉಸಿರಾಟ ಕೇಳಿಸಿತು. ಆಮೇಲೆ ದಪ್ಪ ದನಿ, ತುಟಿ ಮರಗಟ್ಟಿ ಸ್ವಲ್ಪ ತೊದಲುತ್ತಿತ್ತು. "ಐಲಿಯವರಾ? ನಾನು ವೆಂಡೆಲ್. ಅದೇ, ಜ್ಯಾಕ್‌ಪೈನ್. ನಿಮಗೆಲ್ಲ ಭಾಳ ತೊಂದ್ರೆ ಕೊಟ್ಬಿಟ್ಟೆ."

"ವೆಂಡೆಲ್, ಇಲ್ಲ, ನೀವು..."

"ಕೇಳಿ ಇಲ್ಲಿ. ಹಳೇ ಪ್ರೋಗ್ರಾಮು ನನ್ನ ಹತ್ರಾನೇ ಇತ್ತು, ಲ್ಯಾಪ್‌ಟಾಪಲ್ಲಿ. ಹಾಕೋಕೆ ಐದು ನಿಮಿಷ. ಆದ್ರೆ ನಿಮ್ಮನೇಲಿ ಏಳು ದಿನ ಉರಿದಿದೆಯಲ್ಲ, ಪ್ರೋಗ್ರಾಮಲ್ಲಿ ತಪ್ಪಿರೋಕೆ ಸಾಧ್ಯಾನೇ ಇಲ್ಲ ಅಂದ್ಕೊಂಡೆ. ನಾನೇ ಏನೋ ಕೆಡಿಸಿರ್ಬೇಕು ಅಂತ ಒಲೆ ಬಿಚ್ಚಿದೆ. ಗ್ಲೌಸ್ ಹಾಕ್ಕೊಂಡ್ರೆ ಆ ಸಣ್ಣ ಸ್ಕ್ರೂ ಹಿಡಿಯೋಕಾಗಲ್ಲ ನೋಡಿ, ಬರಿಗೈಯಲ್ಲೇ ಮಾಡಿದೆ. ಮೂರ್ಸಲ ಬಿಚ್ಚಿ ಮೂರ್ಸಲ ಜೋಡಿಸ್ದೆ. ಮೂವತ್ತು ವರ್ಷ ರೈಲ್ವೇಲಿ ಇಂಜಿನ್ ರಿಪೇರಿ ಮಾಡಿದೋನು ನಾನು. ಒಂದು ಒಲೆ ರಿಪೇರಿ ಮಾಡೋಕಾಗ್ಲಿಲ್ಲ. ಕೈ ಹಳೇದಾಯ್ತು."

ಐಲಿ ತಿರುಗಿ ನೋಡಿದಳು. ಒಲೆ ಉರಿಯುತ್ತಿತ್ತು. ಹೆಲ್ವಿ ಮಂಚದಲ್ಲಿ ನಿದ್ದೆಹೋಗಿದ್ದಳು, ಮುಖಕ್ಕೆ ಬಣ್ಣ ಬಂದಿತ್ತು. ಕರೆಂಟ್ ಹೋಗಿತ್ತು ಎಂಬ ಸುಳ್ಳು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು. ಒಮ್ಮೆ ರೆಜಾನನ ಬಳಿ ನಡೆದದ್ದು ಇಲ್ಲಿಯೂ ನಡೆದುಹೋಗುತ್ತಿತ್ತು.

"ವೆಂಡೆಲ್," ಎಂದಳು. "ನನ್ನ ಮನೇಲಿ ಅದು ಏಳು ದಿನ ಉರಿದಿಲ್ಲ. ಒಂದು ದಿನಾನೂ ಉರಿದಿಲ್ಲ. ನಾನು ಹಾಕ್ಲೇ ಇಲ್ಲ. ಮನೇಲಿ ನನ್ನಕ್ಕ ಹುಷಾರಿಲ್ಲದೆ ಮಲಗಿದ್ಳು, ನಂಗೆ ಭಯ ಆಯ್ತು. ಸುಳ್ಳು ಬರೆದೆ."

ಆ ಕಡೆ ದೂರದಲ್ಲಿ ಯಾರೋ ನಾಯಿಗೆ ಸುಮ್ಮನಿರು ಎಂದು ಗದರುತ್ತಿದ್ದರು. ಬೈಯಲಿ, ಶಪಿಸಲಿ ಎಂದು ಐಲಿ ಕಣ್ಣುಮುಚ್ಚಿ ಕಾದಳು.

"ಹಂಗಾದ್ರೆ," ಎಂದ ವೆಂಡೆಲ್ ಮೆಲ್ಲಗೆ, "ನಾನು ಜೋಡಿಸಿದ್ದು ಸರಿಯಾಗೇ ಇತ್ತಾ?"

"ಇತ್ತು," ಎಂದಳು ಐಲಿ. "ಮೂರು ಸಲಾನೂ ಸರಿಯಾಗೇ ಇತ್ತು."