ಅರ್ಧ ಟಿಕೆಟ್ಟಿನವರು

"ನಿನ್ನ ವಯಸ್ಸಿಗೆ ದೇವರು ರಿಯಾಯಿತಿ ಕೊಡ್ಲಿ ಮುದುಕಿ, ಕ್ಲಬ್ಬು ಕೊಡಲ್ಲ. ಸರಿ ಆಚೆ."

ಟಿಕೆಟ್ ಕಿಂಡಿಯೊಳಗಿಂದ ಬಂದ ಈ ಮಾತಿಗೆ ಸಾಲಿನಲ್ಲಿ ಹಿಂದೆ ನಿಂತಿದ್ದ ಇಬ್ಬರು ಕಿಸಕ್ಕನೆ ನಕ್ಕರು. ದಬ್ಬಣಜ್ಜಿ ಸರಿಯಲಿಲ್ಲ. ಗೋಣಿಚೀಲ ಹೊಲಿದು ಹೊಲಿದು ಕೊಕ್ಕೆಯಾಗಿಹೋಗಿದ್ದ ಬೆರಳುಗಳಲ್ಲಿ ತಗಡಿನ ಬಿಲ್ಲೆಯೊಂದನ್ನು ಹಿಡಿದು ಕಿಂಡಿಯೊಳಕ್ಕೆ ಇನ್ನಷ್ಟು ತೂರಿಸಿದಳು. ಆ ಬಿಲ್ಲೆ ಇದ್ದ ಮುದುಕರಿಗೂ, ಗೇಟಿನ ಪಕ್ಕದ ಅಳತೆಗೋಲಿಗಿಂತ ಕುಳ್ಳಗಿರುವ ಮಕ್ಕಳಿಗೂ ಈ ಫುಟ್‌ಬಾಲ್ ಮೈದಾನದಲ್ಲಿ ಅರ್ಧ ಟಿಕೆಟ್ಟು. ಅವಳಿಗೆ ತಿಳಿವಳಿಕೆ ಬಂದಾಗಿನಿಂದಲೂ ಹಾಗೇ ನಡೆದುಬಂದಿತ್ತು.

"ಇದು ಕಣ್ಣಿಗೆ ಕಾಣಲ್ವೇನಪ್ಪ? ನಿಮ್ಮೋರೇ ಕೊಟ್ಟಿದ್ದು."

"ಅದೆಲ್ಲ ಹಳೇದು. ಈ ಭಾನುವಾರದಿಂದ ಹುಟ್ಟಿದ ಕೂಸಿಗೂ ಸಾಯೋ ಮುದುಕರಿಗೂ ಒಂದೇ ರೇಟು. ಆಗುತ್ತೆ ಅಂದ್ರೆ ಪೂರ್ತಿ ಕೊಡು, ಇಲ್ಲಾಂದ್ರೆ ಮನೇಲಿ ಕೂತು ಟೀವಿ ನೋಡು."

"ಟೀವಿ ನಿಮ್ಮಪ್ಪ ಕೊಡಿಸಿದ್ನೇನೋ?"

ಗಲಾಟೆ ಕೇಳಿ ಒಳಗಿನಿಂದ ಮ್ಯಾನೇಜರ್ ಎದ್ದು ಬಂದ. ಕ್ಲಬ್ಬನ್ನು ಕೊಂಡುಕೊಂಡ ದೊಡ್ಡ ಮನುಷ್ಯರು ಎಲ್ಲಿಂದಲೋ ಕರೆತಂದು ಕೂರಿಸಿದ ಹೊಸಬ. ಮಾತು ಮೆತ್ತಗೆ, ಬೂಟು ಅದಕ್ಕಿಂತ ಮೆತ್ತಗೆ. ಅವನು ಬೈಯಲಿಲ್ಲ. ಶಾಲೆಯ ಹುಡುಗಿಗೆ ಪಾಠ ಹೇಳುವವನಂತೆ ಕಿಂಡಿಗೆ ಮೊಣಕೈ ಊರಿ ಶುರುಮಾಡಿದ.

"ನೋಡಮ್ಮಾ, ಬೇಜಾರು ಮಾಡ್ಕೋಬೇಡಿ. ನೀವು ಜರ್ಸಿ ಕೊಳ್ಳೋರಲ್ಲ. ಕೂಲ್ ಡ್ರಿಂಕ್ಸ್ ಕುಡಿಯೋರಲ್ಲ. ಮನೆಯಿಂದ ಬುತ್ತಿ ಗಂಟು ಕಟ್ಕೊಂಡು ಬರ್ತೀರ, ಅಷ್ಟು ಹೊತ್ತು ಜಾಗ ಹಿಡ್ಕೊಂಡು ನಿಲ್ತೀರ. ಅದೇ ಜಾಗದಲ್ಲಿ ಒಬ್ಬ ಒಳ್ಳೇ ಗಿರಾಕಿ ನಿಂತ್ರೆ ಕ್ಲಬ್ಬಿಗೆ ಎಷ್ಟು ಅನುಕೂಲ ಹೇಳಿ? ನಾವೇನು ಅನಾಥಾಶ್ರಮ ನಡೆಸ್ತಿದೀವಾ?"

ಬಿಲ್ಲೆಯನ್ನು ಎರಡೇ ಬೆರಳಲ್ಲಿ ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, ಕಿಂಡಿಯ ಹೊರಗೆ ಬಿಟ್ಟ. ಕೈಗೆ ಕೊಡಬಹುದಿತ್ತು. ಕೊಡಲಿಲ್ಲ. ಅದು ನೆಲಕ್ಕೆ ಬಿದ್ದು ಉರುಳಿ ಯಾರದೋ ಕಾಲಿನ ಸಂದಿಯಲ್ಲಿ ನಿಂತಿತು.

"ಎತ್ಕೊಳ್ಳಿ. ನೆನಪಿಗೆ ಇಟ್ಕೊಳ್ಳಿ."

ದಬ್ಬಣಜ್ಜಿ ಬಗ್ಗಿದಳು. ಬಗ್ಗುವುದು ಸುಲಭ, ಏಳುವುದೇ ಕಷ್ಟ. ಸೊಂಟಕ್ಕೆ ಕೈಕೊಟ್ಟು ನಿಧಾನಕ್ಕೆ ಮೇಲೇಳುವಾಗ ಎದುರಿನ ಸ್ಟೇಡಿಯಂ ಗೋಡೆ ಕಂಡಿತು. ಗೋಡೆಯ ತುಂಬ ಅವಳ ಮುಖವೇ ಇತ್ತು. ಹೋದ ವರ್ಷ ಗೋಲು ಬಿದ್ದಾಗ ಯಾರೋ ತೆಗೆದುಕೊಂಡು ಹೋಗಿದ್ದ ಫೋಟೋ. ಕಿವಿಯವರೆಗೂ ತೆರೆದ ಬಾಯಿ, ಬಾಯಲ್ಲಿ ಮೂರೇ ಹಲ್ಲು, ಹಣೆಗೆ ಕ್ಲಬ್ಬಿನ ಹಸಿರು ಪಟ್ಟಿ. ಕೆಳಗೆ ಆಳೆತ್ತರದ ಅಕ್ಷರಗಳಲ್ಲಿ 'ಇದು ನಮ್ಮ ಮನೆ' ಎಂದು ಬರೆಸಿದ್ದರು.

"ಆ ಬಾಯಿ ನಂದು," ಎಂದಳು.

ಮ್ಯಾನೇಜರ್ ಗೋಡೆ ನೋಡಿದ, ಅವಳನ್ನು ನೋಡಿದ, ಮತ್ತೆ ಗೋಡೆ ನೋಡಿದ. ಒಂದು ಗಳಿಗೆ ಅವನಿಗೂ ಏನೋ ಅನ್ನಿಸಿರಬೇಕು.

"ಫೋಟೋ ಕ್ಲಬ್ಬಿಂದು," ಎಂದು ಹೇಳಿ ಕಿಂಡಿ ಮುಚ್ಚಿದ.

ಅಲ್ಲಿಂದ ನೇರ ತಾನು ಚೀಲ ಹೊಲಿಯುವ ಗೋದಾಮಿಗೆ ಬಂದಳು. ಹರಿದ ಚೀಲಗಳ ರಾಶಿಯ ಮುಂದೆ ಕೂತು ದಬ್ಬಣಕ್ಕೆ ಹುರಿ ಪೋಣಿಸಲು ಹೋದರೆ ಹುರಿ ಕಣ್ಣಿಗೇ ಸೇರಲೊಲ್ಲದು. ಅವಳಿಗೆ ದಬ್ಬಣಜ್ಜಿ ಎಂಬ ಹೆಸರು ಬಿದ್ದದ್ದು ಕೈಯಲ್ಲಿನ ಸೂಜಿಯಿಂದಲೋ ಬಾಯಲ್ಲಿನ ಸೂಜಿಯಿಂದಲೋ ಹೇಳುವುದು ಕಷ್ಟ. ಆದರೆ ಗೋದಾಮಿನಲ್ಲಿ ಬಾಯಿಗೆ ಬೀಗ. ಮೇಸ್ತ್ರಿ ಎದುರಿಗೆ ತುಟಿ ಬಿಚ್ಚಿದರೆ ಮಾರನೇ ದಿನ ಚೀಲ ಕೊಡುತ್ತಿರಲಿಲ್ಲ. ವಾರವೆಲ್ಲ ಬಾಯಿ ಹೊಲಿದುಕೊಂಡು ಕೂತವಳಿಗೆ ಭಾನುವಾರ ಮೈದಾನದ ಅಂಚಿನ ಕಂಬಿ ಹಿಡಿದು, ಗಂಡ ನಿಲ್ಲುತ್ತಿದ್ದ ಮೆಟ್ಟಿಲ ಮೇಲೆ ನಿಂತು, ಗಂಟಲು ಹರಿಯುವಂತೆ ಕೂಗುವುದೇ ಬದುಕು. ರೆಫರಿಯನ್ನು ಬೈದರೆ ಯಾರೂ ಕೂಲಿ ಮುರಿಯುವುದಿಲ್ಲ. ಅದೂ ಹೋದರೆ ಅವಳಿಗೆ ಉಳಿಯುವುದು ಚೀಲ ಮಾತ್ರ.

ಸುದ್ದಿ ಅವಳಿಗಿಂತ ಮೊದಲೇ ಗೋದಾಮು ಮುಟ್ಟಿತ್ತು. ಹಮಾಲರಿಗೆಲ್ಲ ಮೈ ಉರಿಯುತ್ತಿತ್ತು. ಆ ಕ್ಲಬ್ಬು ಹುಟ್ಟಿದ್ದೇ ಇಲ್ಲಿ, ಇವರ ಅಜ್ಜಂದಿರು ಗೋಣಿತಾಟಿನಲ್ಲಿ ಚಿಂದಿ ತುಂಬಿ ಚೆಂಡು ಹೊಲಿದು ಆಡಿದ್ದರಿಂದ.

"ಹತ್ತಿ ಆದ್ಮೇಲೆ ಏಣಿ ಒದ್ರು ನೋಡು ಬೋಳಿಮಕ್ಕಳು," ಎಂದ ಮುದಿ ಹಮಾಲ ಶಿಳ್ಳೆಮಾವ. ಒಂದು ಕಾಲಕ್ಕೆ ಅವನ ಶಿಳ್ಳೆ ಕೇಳಿ ಎದುರಾಳಿ ತಂಡದವರು ಆಟ ಮುಗಿಯಿತೆಂದು ನಿಂತುಬಿಡುತ್ತಿದ್ದರಂತೆ. ಈಗ ಮುಂದಿನ ಹಲ್ಲೆಲ್ಲ ಹೋಗಿ ಶಿಳ್ಳೆಯ ಬದಲು ಬರೀ ಗಾಳಿ ಬರುತ್ತಿತ್ತು. ಬೆನ್ನು ಮೂಟೆಯ ಆಕಾರಕ್ಕೇ ಬಗ್ಗಿ ನಿಂತುಬಿಟ್ಟಿತ್ತು.

"ಚಂದಾ ಎತ್ತೋಣ," ಎಂದ ಹಮಾಲರ ಮುಂದಾಳು ಗೂಳಿ. ಹೆಸರಿಗೆ ತಕ್ಕ ಕುತ್ತಿಗೆ ಅವನದು. "ಅಜ್ಜೀಗೆ ಒಂದು ಪೂರ್ತಿ ಟಿಕೆಟ್ ನಾವೇ ಕೊಡಿಸೋಣ. ಅವಳಿಲ್ದೆ ಇದ್ರೆ ಆಟ ನೋಡಿದ ಹಾಗೇ ಇರಲ್ಲ."

"ನಿನ್ನ ಚಂದಾಕ್ಕೆ ಬೆಂಕಿ ಹಾಕ. ಮೂಗಿಗಿಂತ ಮೂಗುತಿ ಭಾರ! ನಂಗೊಬ್ಳಿಗೆ ಕೊಡಿಸ್ತೀಯ. ಈ ಶಿಳ್ಳೆ? ಆ ಮಿಕ್ಕ ಮುದುಕ್ರು? ನಿನ್ನ ಮಗಳಿಗೂ ಪೂರ್ತಿ ಅಂತೆ ಈಗ, ಅವಳಿಗೆ ಯಾರು ಎತ್ತಬೇಕೋ ಚಂದಾ? ಅರ್ಧ ಟಿಕೆಟ್ ಭಿಕ್ಷೆ ಅಲ್ಲ. ಅರ್ಧ ಆಯಸ್ಸು ಅಲ್ಲೇ ನಿಂತು ಕೂಗಿದೀವಿ."

ಗೂಳಿ ಬೆರಳು ಮಡಚಿ ಲೆಕ್ಕ ಹಾಕಿದ. ಎರಡು ದಿನದ ಕೂಲಿ ಸೇರಿಸಿದರೂ ಅವನ ಸಂಸಾರವೆಲ್ಲ ಒಟ್ಟಿಗೆ ಆಟ ನೋಡುವ ಕಾಲ ಮುಗಿದಿತ್ತು. ಅದು ಅವನಿಗೆ ಆಗಷ್ಟೇ ಹೊಳೆಯಿತು.

ಮಧ್ಯಾಹ್ನ ಅವಳ ತಂಗಿಯ ಮಗ ಬಂದ. ಮೈದಾನದ ಮೂಡಣ ಗೇಟಿನಲ್ಲಿ ಕೂರುವ ದಿನಗೂಲಿಯವನು. ಅವನು ಕಾಲಿನಿಂದ ಪೆಡಲ್ ಒತ್ತಿದರೆ ಕಬ್ಬಿಣದ ಗೇಟು ಒಂದು ಸುತ್ತು ತಿರುಗಿ ಒಬ್ಬರನ್ನು ಒಳಗೆ ಬಿಡುತ್ತಿತ್ತು. ಸುತ್ತಿಗೊಂದು ಅಂಕಿಯಂತೆ ಪಕ್ಕದ ಪೆಟ್ಟಿಗೆಯಲ್ಲಿ ಏರುತ್ತಿತ್ತು. ಬಂದವನು ಕೂರಲಿಲ್ಲ, ಕಂಬಕ್ಕೆ ಒರಗಿ ನಿಂತ.

"ದೊಡ್ಡಮ್ಮ, ಭಾನುವಾರ ನನ್ನ ಗೇಟಿಗೆ ಬರಬೇಡ."

"ಯಾಕೋ? ಆ ಗೇಟು ನಿಮ್ಮ ಅತ್ತೆ ಮನೆಯೋರು ಬಳುವಳಿ ಕೊಟ್ಟಿದ್ದಾ?"

"ನಗಬೇಡ ದೊಡ್ಡಮ್ಮ. ಟಿಕೆಟ್ಟಿಗಿಂತ ಒಂದು ಸುತ್ತು ಜಾಸ್ತಿ ತಿರುಗಿದ್ರೂ ಕೆಲಸ ಇಲ್ಲ ಅಂದಿದಾನೆ ಮ್ಯಾನೇಜರು. ನೀನು ಬಂದು ಎದುರಿಗೆ ನಿಂತ್ರೆ ನಾನು ಪೆಡಲ್ ಒತ್ತಿಬಿಡ್ತೀನಿ. ನಂಗೆ ಗೊತ್ತು. ಅದಕ್ಕೇ ಬರಬೇಡ ಅಂತಿರೋದು. ಮನೇಲಿ ಇಬ್ರು ಮಕ್ಕಳಿದಾರೆ."

ಅವಳಿಗೆ ರೇಗಿತು. "ನಿನ್ನನ್ನ ಈ ಕೈಯಿಂದಲೇ ದಾಟಿಸಿದ್ದು ಕಣೋ. ಮರ್ತೆಯಾ?"

ಅವನು ಮರೆತಿರಲಿಲ್ಲ. ಆ ಮೈದಾನದ ಮೆಟ್ಟಿಲ ಮೇಲೆ ಬೆಳೆದ ಯಾರೂ ಮರೆಯುವಂಥದ್ದಲ್ಲ ಅದು. ಹಮಾಲರು ಲಾರಿಯಿಂದ ಮೂಟೆಗಳನ್ನು ಸಾಲಾಗಿ ನಿಂತು ಕೈಯಿಂದ ಕೈಗೆ ಇಳಿಸುವವರು. ಆಟದ ದಿನ ಹಿಂದೆ ನಿಂತ ಮಗುವಿಗೆ ಏನೂ ಕಾಣುತ್ತಿಲ್ಲವೆಂದರೆ ಅದೇ ಕೂಗು ಹಾಕುತ್ತಿದ್ದರು: "ಬಂತೋ, ಹಿಡಿಯೋ!" ಕೂಡಲೇ ನೂರಾರು ಕೈಗಳು ಮೇಲೇಳುತ್ತಿದ್ದವು. ಮಗು ತಲೆಗಳ ಮೇಲೆ ಮಲಗಿಕೊಂಡೇ ತೇಲಿ ಮುಂದಿನ ಕಂಬಿಗೆ ಹೋಗುತ್ತಿತ್ತು, ಆಟ ಮುಗಿದ ಮೇಲೆ ಹಾಗೇ ತಾಯಿಯ ಹತ್ತಿರ ವಾಪಸು. ಒಂದು ಮಗುವೂ ಕೆಳಗೆ ಬಿದ್ದದ್ದಿಲ್ಲ.

ತಂಗಿಯ ಮಗ ತಲೆ ತಗ್ಗಿಸಿದ್ದ. ಅವನ ಮೊಣಕಾಲು ಸಣ್ಣಗೆ ಕುಣಿಯುತ್ತಿತ್ತು, ಪೆಡಲ್ ಒತ್ತುವ ಕಾಲು. ಅದನ್ನು ನೋಡಿ ಅವಳ ಸಿಟ್ಟು ಜರ್ರನೆ ಇಳಿಯಿತು.

"ಹೋಗು ಮಗಾ. ನಿನ್ನ ಹೊಟ್ಟೆ ಮೇಲೆ ಹೊಡೆಯೋಳಲ್ಲ ನಾನು. ನಿನ್ನ ಗೇಟು ನಾನು ಮುಟ್ಟಲ್ಲ. ಆಣೆ."

ಅವನು ಹೋದ. ಹೊರಗೆ ಲಾರಿ ಬಂದು ನಿಂತಿತ್ತು. ಮೂಟೆಗಳು ತಲೆಯ ಮಟ್ಟದಲ್ಲಿ ಕೈಯಿಂದ ಕೈಗೆ ಸಾಗುತ್ತಿದ್ದವು. ದಬ್ಬಣಜ್ಜಿ ಹೊಲಿಗೆ ನಿಲ್ಲಿಸಿ ಬಹಳ ಹೊತ್ತು ಅದನ್ನೇ ನೋಡಿದಳು.

"ಏ ಗೂಳಿ, ಆ ಮೂಟೆ ತೂಕ ಎಷ್ಟಿರುತ್ತೋ?"

"ನಿನ್ನಂಥೋರು ಇಬ್ರು ಆಗ್ತಾರೆ. ಯಾಕಜ್ಜಿ?"

"ಏನಿಲ್ಲ. ಮೂಟೆ ಒಳಗೆ ಹೋಗುವಾಗ ಯಾರಾದ್ರೂ ಅದನ್ನ ಟಿಕೆಟ್ ಕೇಳ್ತಾರಾ ಅಂತ."

ಗೂಳಿ ಮೂಟೆ ಹಿಡಿದುಕೊಂಡೇ ನಿಂತುಬಿಟ್ಟ. ಹಿಂದಿನವನು ಬೈದ. ಗೂಳಿಯ ಮುಖದಲ್ಲಿ ಮೊದಲು ಏನೂ ಇರಲಿಲ್ಲ, ಆಮೇಲೆ ಅವನು ಕೆಮ್ಮು ಬರುವ ತನಕ ನಕ್ಕ.

ಭಾನುವಾರ ಮುದುಕರು ಒಬ್ಬೊಬ್ಬರಾಗಿ ಬಂದು ಮೂಡಣ ಗೇಟಿನ ಪಕ್ಕದ ಗೋಡೆಗೆ ಒರಗಿದರು. ಕೆಲವರಿಗೆ ಕೋಲು, ಕೆಲವರಿಗೆ ಮೊಮ್ಮಕ್ಕಳ ಹೆಗಲು. ಹಮಾಲರಲ್ಲಿ ಅರ್ಧ ಜನ ಪೂರ್ತಿ ದುಡ್ಡು ತೆತ್ತು ಒಳಗೆ ಹೋದರು. ಹೋದವರು ಮೆಟ್ಟಿಲು ಹತ್ತದೆ ಗೇಟಿನ ಆ ಬದಿಯಲ್ಲೇ ನಿಂತರು. ಇನ್ನರ್ಧ ಜನ ಈ ಬದಿಯಲ್ಲಿ ಸಾಲುಗಟ್ಟಿದರು. ನಡುವೆ ಎದೆಮಟ್ಟದ ಕಬ್ಬಿಣದ ಗೇಟು, ಅದರ ಪಕ್ಕದ ಸ್ಟೂಲಿನ ಮೇಲೆ ತಂಗಿಯ ಮಗ, ಮೇಲೆ ಬರೀ ಆಕಾಶ.

ಕಾವಲಿನವನೊಬ್ಬ ಶಿಳ್ಳೆಮಾವನ ಪಕ್ಕೆಗೆ ಲಾಠಿ ತಿವಿದ. "ಏ ಮುದಿಯಾ, ಭಿಕ್ಷೆ ಬೇಡೋದಾದ್ರೆ ಬಸ್‌ಸ್ಟ್ಯಾಂಡಿಗೆ ಹೋಗು. ಇಲ್ಲಿ ದೊಡ್ಡೋರು ಬರೋ ಹೊತ್ತು."

"ನಿನ್ನಜ್ಜನ ಮದುವೇಲಿ ಶಿಳ್ಳೆ ಹೊಡೆದೋನು ಕಣೋ ನಾನು, ಬೇವರ್ಸಿ," ಎಂದ ಶಿಳ್ಳೆಮಾವ. ಆದರೆ ಎರಡು ಹೆಜ್ಜೆ ಹಿಂದೆ ಸರಿದ. ಬೆನ್ನು ಬಗ್ಗಿದವನಿಗೆ ಲಾಠಿಯ ತುದಿ ಮುಖದ ಹತ್ತಿರವೇ ಇತ್ತು.

ಮ್ಯಾನೇಜರ್ ಹೊರಗೆ ಬಂದ. ಜೊತೆಯಲ್ಲಿ ಸೂಟು ತೊಟ್ಟ ಇಬ್ಬರು, ಕ್ಯಾಮೆರಾ ಹಿಡಿದ ಒಬ್ಬ. ಗೋಡೆಯ ಮೇಲಿನ ಚಿತ್ರದ ಮುಂದೆ ಸೂಟಿನವರನ್ನು ನಿಲ್ಲಿಸಿ ಫೋಟೋ ತೆಗೆಸುವ ಏರ್ಪಾಡು. ಅಲ್ಲಿ ಆಗಲೇ ದಬ್ಬಣಜ್ಜಿ ನಿಂತಿದ್ದಳು.

"ಆ ಮುದುಕೀನ ಅಲ್ಲಿಂದ ಕಳಿಸ್ರೋ," ಎಂದ ಕಾವಲಿನವರಿಗೆ, ಮೆತ್ತಗೆ. "ಪೋಸ್ಟರ್ ಮುಂದೆ ಚೆನ್ನಾಗಿ ಕಾಣಲ್ಲ."

ತನ್ನದೇ ಮುಖದ ಮುಂದಿನಿಂದ ಅವಳನ್ನು ರಟ್ಟೆ ಹಿಡಿದು ಎಳೆದರು. ಅವಳು ಎಳೆದತ್ತ ಹೋದಳು. ಎಳೆದದ್ದು ಗೂಳಿ ನಿಂತಿದ್ದ ಕಡೆಗೇ.

"ಆಯ್ತೇನೋ?" ಎಂದು ಕೇಳಿದಳು.

"ಆಯ್ತಜ್ಜಿ. ಕಣ್ಣು ಮುಚ್ಕೋ."

"ಯಾಕೆ ಮುಚ್ಲಿ? ಟಿಕೆಟ್ ಇಲ್ದೆ ನೋಡೋ ಆಟ, ಮೊದಲಿಂದ ನೋಡ್ತೀನಿ. ಬೀಳಿಸಿದ್ರೆ ಮಾತ್ರ ನಿಮ್ಮ ವಂಶ ಉಳಿಸಲ್ಲ ಮುಂಡೇಮಕ್ಕಳಾ."

"ಬಂತೋ!" ಎಂದು ಗೂಳಿ ಕೂಗಿದ.

"ಹಿಡಿಯೋ!" ಎಂದಿತು ಗೇಟಿನ ಆ ಬದಿ.

ನೆಲ ಬಿಟ್ಟುಹೋಯಿತು. ಮೊದಲು ಹೆದರಿಕೆಯಾಯಿತು, ಸುಳ್ಳೇಕೆ. ಆಮೇಲೆ ಬೆನ್ನ ಕೆಳಗೆ ಕೈಗಳು ಸಿಕ್ಕವು. ಒರಟು ಕೈಗಳು, ಜಡ್ಡುಗಟ್ಟಿದ ಕೈಗಳು. ಮೂಟೆಗೆ ಒಂದು ಕಡೆ ಹರಿದಿದ್ದರೆ ಅಲ್ಲಿ ಬೆರಳು ಊರದೆ ಹಿಡಿಯಲು ಕಲಿತ ಕೈಗಳು ಅವಳ ನೋಯುವ ಸೊಂಟವನ್ನು ಹಾಗೇ ಹಿಡಿದವು. ಎಷ್ಟೋ ವರ್ಷದಿಂದ ಅವಳನ್ನು ಯಾರೂ ಎತ್ತಿರಲಿಲ್ಲ.

ಕಾವಲಿನವರು ಲಾಠಿ ಎತ್ತಿ ನುಗ್ಗಿದರು. ಸಾಲು ಬಿಟ್ಟುಕೊಡಲಿಲ್ಲ. ಪೆಟ್ಟು ಬಿದ್ದ ಸದ್ದು ಕೇಳಿತು. ಪೆಟ್ಟು ತಿಂದವನು ಕೈ ಇಳಿಸಲಿಲ್ಲ, ಇಳಿಸಿದರೆ ಅಜ್ಜಿ ಬೀಳುತ್ತಿದ್ದಳು. ಗೇಟಿನ ನೇರ ಮೇಲೆ ಬಂದಾಗ ಅವಳು ಕತ್ತು ಹೊರಳಿಸಿ ಕೆಳಗೆ ನೋಡಿದಳು. ತಂಗಿಯ ಮಗ ಪೆಡಲಿನಿಂದ ಕಾಲು ತೆಗೆದು ಸ್ಟೂಲಿನ ಕೆಳಗೆ ಮಡಚಿಕೊಂಡು ಕೂತಿದ್ದ. ಮುಖ ಬಿಳಿಚಿಕೊಂಡಿತ್ತು. ಅವಳ ನೆರಳು ಮೇಲೆ ಬಿದ್ದದ್ದೇ ತಡ, ಎದ್ದು ನಿಂತು ಎರಡೂ ಕೈ ಎತ್ತಿದ.

"ನೀನ್ಯಾಕೋ ಎತ್ತಿದೆ, ಮಂಕೇ?" ಎಂದಳು ಅವಳು. ಅವನು ಅವಳ ಭುಜವನ್ನು ಅಂಗೈಯಲ್ಲಿ ಆತುಕೊಂಡು ಆ ಬದಿಗೆ ದಾಟಿಸಿದ.

ಮ್ಯಾನೇಜರ್ ಓಡಿ ಬಂದ. ಮೆತ್ತಗಿನ ಮಾತು ಎಲ್ಲೋ ಬಿದ್ದುಹೋಗಿತ್ತು. "ಏಯ್! ಏನೋ ಇದು, ನಾಯಿಗಳಾ! ಎಷ್ಟು ಜನಾನ ಬಿಟ್ಟೆಯೋ ಒಳಗೆ?"

"ಗೇಟು ತಿರುಗಿಲ್ಲ ಸಾರ್," ಎಂದ ತಂಗಿಯ ಮಗ. ಜೋರಾಗಿಯೇ ಹೇಳಿದ. "ಪೆಟ್ಟಿಗೆ ನೋಡ್ಕೊಳ್ಳಿ. ಒಂದು ಸುತ್ತೂ ಜಾಸ್ತಿ ಆಗಿಲ್ಲ."

ಆಗಲೇ, ಇನ್ನೂ ಗೇಟಿನ ಈ ಬದಿಗಿದ್ದ ಅವಳ ಎಡಗಾಲಿನ ಚಪ್ಪಲಿ ಜಾರಿತು. ಸವೆದು ಹಾಳೆಯಾಗಿದ್ದ, ಪಟ್ಟಿಯನ್ನು ಅವಳೇ ದಬ್ಬಣದಲ್ಲಿ ಹೊಲಿದುಕೊಂಡಿದ್ದ ಚಪ್ಪಲಿ. ಅದು ಮ್ಯಾನೇಜರನ ಬೂಟಿನ ಮೇಲೆ ಬಿದ್ದು ಮಗುಚಿಕೊಂಡಿತು. ಕ್ಯಾಮೆರಾದವನು ಅಭ್ಯಾಸಬಲದಿಂದ ಒಂದು ಫೋಟೋ ತೆಗೆದುಬಿಟ್ಟ.

ದಬ್ಬಣಜ್ಜಿ ತಲೆಗಳ ಮೇಲಿಂದ ತಿರುಗಿ ನೋಡಿದಳು. ಬಾಯಿ ಕಿವಿಯವರೆಗೂ ತೆರೆಯಿತು, ಮೂರು ಹಲ್ಲೂ ಕಂಡವು.

"ಏ ಸಾಹೇಬಾ! ಎತ್ಕೋ. ನೆನಪಿಗೆ ಇಟ್ಕೋ!"

ಅವನು ಬಗ್ಗಲಿಲ್ಲ. ಒದೆಯಲೂ ಇಲ್ಲ. ಹಿಂದೆ ಸೂಟಿನವರು ನೋಡುತ್ತಿದ್ದರು. ಅವನು "ಪೊಲೀಸ್, ಪೊಲೀಸರಿಗೆ ಫೋನ್ ಮಾಡು," ಎಂದು ಯಾರಿಗೋ ಅರಚಿದ. ಅಷ್ಟರಲ್ಲಿ "ಬಂತೋ!" ಎಂಬ ಕೂಗು ಮತ್ತೆ ಎದ್ದಿತ್ತು. ಶಿಳ್ಳೆಮಾವ ಬಗ್ಗಿದ ಬೆನ್ನನ್ನು ಹಾಗೇ ಬಗ್ಗಿಸಿಕೊಂಡು ತೊಟ್ಟಿಲಲ್ಲಿ ಕೂತವನಂತೆ ಗಾಳಿಯಲ್ಲಿ ಬರುತ್ತಿದ್ದ. ಗೇಟಿನ ಮೇಲೆ ಬಂದಾಗ ಕೆಳಗೆ ಒಮ್ಮೆ ಗುರಿ ನೋಡಿ, ಎರಡೂ ಕಾಲಿನ ಚಪ್ಪಲಿಗಳನ್ನು ಒಂದಾದ ಮೇಲೊಂದು ಬಿಟ್ಟ.

ಗೋಡೆಗೆ ಒರಗಿದ್ದ ಮುದುಕರೆಲ್ಲ ಬಗ್ಗಿ ತಮ್ಮ ತಮ್ಮ ಚಪ್ಪಲಿಯ ಪಟ್ಟಿಗಳನ್ನು ಸಡಿಲಿಸಿಕೊಳ್ಳತೊಡಗಿದರು.